ಮಾಳಿಗೆಯ ಸುತ್ತಣ ಗೋಡೆ

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 8ನೆಯ ವಚನವನ್ನು ಓದಿಕೊಳ್ಳಿರಿ.



ಮೋಶೆಯ ಧರ್ಮಶಾಸ್ತ್ರದಲ್ಲಿ ಯಜ್ಞಗಳನ್ನೂ ಹಬ್ಬಗಳನ್ನೂ ಕುರಿತ ದೊಡ್ಡ ವಿಧಿಗಳ ನಡುವೆ ಮನೆವಾರ್ತೆಗೆ ಸಂಬಂಧಪಟ್ಟ ಚಿಕ್ಕ ವಿಧಿಗಳೂ ಉಂಟು. ಓದುವವರು ಅವುಗಳನ್ನು ಬೇಗನೆ ದಾಟಿ ಮುಂದಕ್ಕೆ ಹೋಗುವುದು ವಾಡಿಕೆ. ನೆರೆಯವನ ಎತ್ತು ದಾರಿತಪ್ಪಿ ಬಂದರೆ ಕಂಡೂ ಕಾಣದವರಂತೆ ಇರಬಾರದು, ಹಕ್ಕಿಯ ಗೂಡು ಸಿಕ್ಕಿದರೆ ತಾಯಿಯನ್ನೂ ಮರಿಗಳನ್ನೂ ಒಟ್ಟಿಗೆ ಹಿಡಿಯಬಾರದು, ಎಂಬ ಮಾತುಗಳ ಸಾಲಿನಲ್ಲಿಯೇ ಹೊಸ ಮನೆ ಕಟ್ಟುವವನಿಗೆ ಒಂದು ಮಾತನ್ನು ಹೇಳಿದೆ. ಆ ಮಾತು ಮಾಳಿಗೆಯ ಅಂಚಿನಲ್ಲಿ ಕಟ್ಟತಕ್ಕ ಗೋಡೆಯನ್ನು ಕುರಿತದ್ದು. ಈ ತಿಂಗಳು ನಾವು ಅದನ್ನೇ ಧ್ಯಾನಿಸೋಣ.

ಆ ದೇಶದ ಮನೆಗಳಿಗೆ ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆಗಳ ಹಾಗೆಯೇ ಸಮತಟ್ಟಾದ ಮೇಲ್ಚಾವಣಿ ಇತ್ತು. ಯೆರಿಕೋವಿನ ರಾಹಾಬಳು ಅಗಸೆಯ ದಂಟುಗಳನ್ನು ಅಲ್ಲಿಯೇ ಹರವಿದ್ದಳು. ಯೊಪ್ಪದಲ್ಲಿ ಪೇತ್ರನು ಪ್ರಾರ್ಥನೆ ಮಾಡುವದಕ್ಕೆ ಅಲ್ಲಿಗೇ ಏರಿದನು. ಮಕ್ಕಳು ಆಡುವದೂ ಸೆಕೆಗಾಲದಲ್ಲಿ ಮನೆಯವರು ಮಲಗುವದೂ ಅಲ್ಲಿಯೇ. ಆದಕಾರಣ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆಯನ್ನು ಎಬ್ಬಿಸತಕ್ಕದ್ದು; ಗೋಡೆಯಿಲ್ಲದೆ ಯಾವನಾದರೂ ಬಿದ್ದು ಸತ್ತರೆ ಅಪರಾಧವು ಆ ಮನೆಯ ಮೇಲೆಯೇ ಬರುವದು; ಇದು ಆ ವಿಧಿಯ ಅಭಿಪ್ರಾಯ.

ಇದರಲ್ಲಿ ನಾವು ಮೂರು ಸಂಗತಿಗಳನ್ನು ನೋಡುತ್ತೇವೆ. ಮೊದಲನೆಯದು, ಒಬ್ಬನು ಬೀಳುವ ತನಕ ಕಾದಿರಲು ಆಜ್ಞೆಯು ಹೇಳುವದಿಲ್ಲ. ಬಿದ್ದವನ ಮುರಿದ ಕಾಲನ್ನು ಕಟ್ಟುವದು ವೈದ್ಯನ ಕೆಲಸ. ಬೀಳದ ಹಾಗೆ ಗೋಡೆ ಹಾಕುವದು ಯಜಮಾನನ ಕೆಲಸ. ಎರಡನೆಯದು, ಬೀಳುವವನು ಮನೆಯವನೇ ಆಗಬೇಕೆಂದಿಲ್ಲ. ನೆರೆಮನೆಯ ಮಗುವೂ ಆಗಬಹುದು, ಒಂದು ರಾತ್ರಿ ತಂಗಿದ ಅತಿಥಿಯೂ ಆಗಬಹುದು. ಮೂರನೆಯದು, ದೇವರು ಕಾಯುವನೆಂದು ಹೇಳಿ ಗೋಡೆ ಕಟ್ಟದೆ ಇರುವದಕ್ಕೆ ಅಲ್ಲಿ ಅಪ್ಪಣೆಯಿಲ್ಲ. ಕಾಯುವ ದೇವರೇ ಗೋಡೆ ಕಟ್ಟೆಂದು ಹೇಳುತ್ತಾನೆ.

ನಮ್ಮ ಮಕ್ಕಳಿಗೂ ನಮಗೂ ಹಾಕಿಸತಕ್ಕ ಲಸಿಕೆಯು ಇಂಥದೇ ಒಂದು ಗೋಡೆಯೆಂದು ನಾವು ಹೇಳುತ್ತೇವೆ. ಹಳ್ಳಿಯ ಸಭೆಗಳಲ್ಲಿ ಕೆಲವರು ಇದನ್ನು ಸರಕಾರದ ಕೆಲಸವೆಂದೂ ಕೆಲವರು ಹೆಂಗಸರ ಕೆಲಸವೆಂದೂ ತಿಳಿದು ಸುಮ್ಮನಿದ್ದಾರೆ. ಅದು ಹಾಗಲ್ಲ, ಇದು ನೆರೆಯವನ ಮೇಲಿನ ಪ್ರೀತಿಗೆ ಸೇರಿದ ಕೆಲಸ.

ಲಸಿಕೆಯೆಂದರೆ ಏನು? ಊರಿಗೆ ಬರತಕ್ಕ ಕಳ್ಳನ ಗುರುತನ್ನು ಮುಂಚಿತವಾಗಿ ಕಾವಲುಗಾರನಿಗೆ ತೋರಿಸಿಟ್ಟರೆ ಅವನು ಬಾಗಿಲಲ್ಲಿಯೇ ಕಳ್ಳನನ್ನು ಹಿಡಿಯುವನಷ್ಟೆ. ದೇವರು ನಮ್ಮ ರಕ್ತದಲ್ಲಿಯೂ ಇಂಥ ಕಾವಲುಗಾರರನ್ನು ಇಟ್ಟಿದ್ದಾನೆ. ರೋಗದ ಸತ್ತ ಕ್ರಿಮಿಯನ್ನಾಗಲಿ, ಬಲಗುಂದಿಸಿದ ಕ್ರಿಮಿಯನ್ನಾಗಲಿ, ಅದರ ಒಂದು ತುಣುಕನ್ನಾಗಲಿ ಮೈಯೊಳಗೆ ಹಾಕಿದರೆ ಆ ಕಾವಲುಗಾರರು ಅದರ ಗುರುತನ್ನು ಕಲಿತುಕೊಂಡು ಮರೆಯದೆ ಇರುತ್ತಾರೆ. ಕೆಲವು ಗುರುತುಗಳು ಕಾಲಕ್ರಮದಲ್ಲಿ ಮಾಸುವದರಿಂದ ಎರಡನೆಯ ಸಾರಿಯೂ ಮೂರನೆಯ ಸಾರಿಯೂ ತೋರಿಸಬೇಕಾಗುತ್ತದೆ. ಲಸಿಕೆಯು ಹೊರಗಿನಿಂದ ತಂದ ಮಂತ್ರವಲ್ಲ. ಸೃಷ್ಟಿಕರ್ತನು ಮೈಯಲ್ಲಿ ಇಟ್ಟ ಶಕ್ತಿಯನ್ನೇ ಎಚ್ಚರಗೊಳಿಸುವ ಉಪಾಯ.

ಈ ಉಪಾಯವು ಮನುಷ್ಯರಿಗೆ ತಿಳಿದ ಬಗೆಯು ಕೇಳತಕ್ಕದ್ದು. 1721ರಲ್ಲಿ ಅಮೇರಿಕದ ಬೋಸ್ಟನ್ ಪಟ್ಟಣಕ್ಕೆ ಸಿಡುಬು ಬಂತು. ಅಲ್ಲಿ ಕಾಟನ್ ಮೇದರ್ ಎಂಬ ಸಭಾಪಾಲಕನ ಮನೆಯಲ್ಲಿ ಆಫ್ರಿಕದಿಂದ ತಂದ ಒಬ್ಬ ದಾಸನಿದ್ದನು. ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯಲ್ಲಿರುವ ಓನೇಸಿಮನೆಂಬ ಹೆಸರನ್ನೇ ಯಜಮಾನನು ಅವನಿಗೆ ಇಟ್ಟಿದ್ದನು. ತನ್ನ ದೇಶದಲ್ಲಿ ಸಿಡುಬಿನ ಕೀವನ್ನು ಸ್ವಲ್ಪ ತೆಗೆದು ಆರೋಗ್ಯವಂತನ ತೋಳಿನ ಗೀರಿಗೆ ಹಚ್ಚುವ ಪದ್ಧತಿಯುಂಟೆಂದೂ ಹಾಗೆ ಮಾಡಿಸಿಕೊಂಡವರಿಗೆ ರೋಗದ ಭಯವಿಲ್ಲವೆಂದೂ ಆ ದಾಸನು ಯಜಮಾನನಿಗೆ ಮುಂಚೆಯೇ ಹೇಳಿದ್ದನು. ಮೇದರನು ಇದನ್ನು ಪ್ರಕಟಿಸಿದಾಗ ಊರಿನವರು ಕೋಪಗೊಂಡು ಅವನ ಮನೆಯೊಳಗೆ ಸಿಡಿಮದ್ದಿನ ಗುಂಡನ್ನು ಎಸೆದರು. ಬಾಯ್ಲ್‌ಸ್ಟನ್ ಎಂಬ ವೈದ್ಯನು ಮಾತ್ರ ಆ ಮಾತನ್ನು ನಂಬಿ ಸುಮಾರು 240 ಮಂದಿಗೆ ಹಾಗೆ ಮಾಡಿದನು; ಅವರಲ್ಲಿ ಸತ್ತವರು 6 ಮಂದಿ. ತಾನಾಗಿ ಸಿಡುಬು ತಗಲಿದವರು ಸುಮಾರು 5,900. ಅವರಲ್ಲಿ 844 ಮಂದಿ ಸತ್ತರು. ಸಿರಿಯದ ಸೇನಾಪತಿಯಾದ ನಾಮಾನನಿಗೆ ಸ್ವಸ್ಥತೆಯ ದಾರಿಯನ್ನು ತೋರಿಸಿದವಳು ಸೆರೆಯಾಗಿ ಬಂದ ಒಬ್ಬ ಚಿಕ್ಕ ಹುಡುಗಿಯಲ್ಲವೇ? ಇಲ್ಲಿಯೂ ದಾಸನ ಬಾಯಿಂದಲೇ ಪಟ್ಟಣಕ್ಕೆ ಉಪದೇಶ ಬಂತು. ಇಂದು ನಮ್ಮ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಅವಳ ಜಾತಿಗಾಗಲಿ ಬಡತನಕ್ಕಾಗಲಿ ನೋಡಿ ಹೀನೈಸುವವರು ಇದನ್ನು ಮನಸ್ಸಿನಲ್ಲಿಡಲಿ.

ಆ ಮೊದಲಿನ ಪದ್ಧತಿಯಲ್ಲಿ ಅಪಾಯವಿತ್ತು; ನೂರಕ್ಕೆ ಎರಡು ಮಂದಿಯಾದರೂ ಸಾಯುತ್ತಿದ್ದರು. 1796ನೆಯ ಮೇ 14ರಂದು ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲಿಷ್ ವೈದ್ಯನು ಹಾಲು ಕರೆಯುವ ಹುಡುಗಿಯೊಬ್ಬಳ ಕೈಯಲ್ಲಿದ್ದ ಗೋವಿನ ಸಿಡುಬಿನ ಕೀವನ್ನು ತೆಗೆದು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ತೋಟಗಾರನ ಮಗನಿಗೆ ಹಾಕಿದನು. ಅನಂತರ ಮನುಷ್ಯರ ಸಿಡುಬನ್ನು ಹಚ್ಚಿ ನೋಡಿದರೂ ಹುಡುಗನಿಗೆ ಏನೂ ಆಗಲಿಲ್ಲ. ಇದು ಅಪಾಯ ಬಹಳ ಕಡಿಮೆಯಾದ ದಾರಿ. ಆರು ವರ್ಷಗಳಾದ ಮೇಲೆ, ಅಂದರೆ 1802ನೆಯ ಜೂನ್ 14ರಂದು, ಮುಂಬಯಿಯಲ್ಲಿ ಮೂರು ವರ್ಷದ ಒಬ್ಬ ಹೆಣ್ಣುಮಗುವಿಗೆ ಇದು ಹತ್ತಿತು. ಆ ಮಗುವಿನ ತೋಳಿನಿಂದ ನಮ್ಮ ದೇಶದ ಇತರ ಭಾಗಗಳಿಗೂ ಹಬ್ಬಿತು.

ನಮ್ಮ ಮೈಸೂರಿಗೂ ಇದಕ್ಕೂ ಸಂಬಂಧವುಂಟು. ಮೈಸೂರಿನ ಖಾಸಾ ಚಾಮರಾಜ ಒಡೆಯರು 1796ರಲ್ಲಿ ಸಿಡುಬಿನಿಂದಲೇ ತೀರಿಕೊಂಡರು. ಜೆನ್ನರನು ಮೊದಲು ಪರೀಕ್ಷೆ ಮಾಡಿದ್ದೂ ಅದೇ ವರ್ಷದಲ್ಲಿ. ಅವರ ಮಗನಾದ ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ, 1805ರ ಸುಮಾರಿಗೆ, ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮೂವರು ರಾಜಸ್ತ್ರೀಯರ ಚಿತ್ರವನ್ನು ಬರೆದನು. ಅವರಲ್ಲಿ ಒಬ್ಬಳು ಸೆರಗನ್ನು ಸರಿಸಿ ಎಡತೋಳನ್ನು ತೋರಿಸುತ್ತಾಳೆ. ಆಕೆ ತೋರಿಸುವದು ದೇವಿ ಹಾಕಿಸಿಕೊಂಡ ಸ್ಥಳವನ್ನೆಂದೂ, ಅರಮನೆಯವರು ಹಾಕಿಸಿಕೊಂಡದ್ದನ್ನು ಕಂಡು ಪ್ರಜೆಗಳಿಗೆ ಧೈರ್ಯ ಬರಲೆಂದೇ ಆ ಚಿತ್ರವನ್ನು ಬರೆಸಿದರೆಂದೂ ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರ ಅಭಿಪ್ರಾಯ. ಹೇಗಿದ್ದರೂ ಇದು ನಿಜ: ಮುಂದಾಳುಗಳು ತಮ್ಮ ತೋಳನ್ನು ಮೊದಲು ಒಡ್ಡಿದರೆ ಹಿಂದಿನವರ ಭಯವು ಅರ್ಧ ಇಳಿಯುತ್ತದೆ.

ಕಡೆಗೆ ಏನಾಯಿತು? ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಲೋಕದಲ್ಲಿ ಸುಮಾರು 30 ಕೋಟಿ ಜನರನ್ನು ನುಂಗಿದ ಸಿಡುಬು ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಅದು ಭೂಮಿಯ ಮೇಲಿಂದಲೇ ಹೋಯಿತೆಂದು ಲೋಕಾರೋಗ್ಯ ಸಭೆಯು ಸಾರಿತು. ನಮ್ಮ ಹಿರಿಯರ ತೋಳಿನ ಮೇಲೆ ಕಾಣುವ ಆ ದುಂಡನೆಯ ಕಲೆಯನ್ನು ಮೊಮ್ಮಕ್ಕಳು ಮುಟ್ಟಿ ನೋಡಿ ಇದೇನೆಂದು ಕೇಳುತ್ತಾರೆ. ಕೇಳುವ ಹಾಗಾದದ್ದೇ ದೊಡ್ಡ ಉಪಕಾರ.

ತಾನಾಗಿ ಬಂದ ಸಿಡುಬಿನ ಕೊನೆಯ ರೋಗಿಯ ಕಥೆಯನ್ನು ನಾವು ಬಿಡಲಾರೆವು. ಅವನು ಸೊಮಾಲಿಯ ದೇಶದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್, ಆಸ್ಪತ್ರೆಯ ಅಡಿಗೆಯವನು. ಸುತ್ತಲೂ ಎಲ್ಲರಿಗೂ ಲಸಿಕೆ ಹಾಕುತ್ತಿದ್ದಾಗ ಇವನು ನೋವಿಗೆ ಅಂಜಿ ತಪ್ಪಿಸಿಕೊಂಡಿದ್ದನು. 1977ರ ಅಕ್ಟೋಬರದಲ್ಲಿ ಇಬ್ಬರು ರೋಗಿಗಳು ಕುಳಿತಿದ್ದ ಬಂಡಿಗೆ ದಾರಿ ತೋರಿಸಲು ಹತ್ತಿ ಕೆಲವೇ ನಿಮಿಷ ಕುಳಿತನು. ಅಷ್ಟರಲ್ಲಿ ರೋಗ ಹತ್ತಿತು. ದೇವರ ದಯದಿಂದ ಬದುಕಿದನು. ಮುಂದೆ ಅದೇ ಮನುಷ್ಯನು ತನ್ನ ದೇಶದಲ್ಲಿ ಪೋಲಿಯೋ ಲಸಿಕೆಯ ಕೆಲಸಕ್ಕೆ ಸೇರಿ, ಸಂಶಯಪಡುವ ತಾಯಂದಿರ ಮುಂದೆ ತನ್ನ ಕಥೆಯನ್ನೇ ಹೇಳಿ ಅವರನ್ನು ಒಪ್ಪಿಸುತ್ತಿದ್ದನು; 2013ರಲ್ಲಿ ಆ ಕೆಲಸದಲ್ಲಿರುವಾಗಲೇ ಮಲೇರಿಯದಿಂದ ತೀರಿಕೊಂಡನು. ಒಂದು ಸಾರಿ ಅಂಜಿ ಹಿಂಜರಿದವನು ಅನೇಕ ಮನೆಗಳಿಗೆ ಧೈರ್ಯ ಹೇಳುವವನಾದನು. ಈ ತನಕ ಹಾಕಿಸದವರನ್ನು ನಾವು ಗದರಿಸಬಾರದೆಂಬದಕ್ಕೆ ಇದು ಸಾಕಾದ ಕಾರಣ.

ಇನ್ನು ನಮ್ಮ ಸಭಾಮಂದಿರದೊಳಗೆ ಬರೋಣ. ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದಾಗ ಅನೇಕರು ತಮ್ಮ ತಮ್ಮ ಮನೆಯ ಎದುರಿಗಿದ್ದ ಭಾಗವನ್ನು ತಾವೇ ಕಟ್ಟಿದರು. ಒಬ್ಬನು ಕಟ್ಟದೆ ಬಿಟ್ಟಿದ್ದರೆ ಶತ್ರುವು ಅವನ ಮನೆಗೆ ಮಾತ್ರ ಬರುತ್ತಿರಲಿಲ್ಲ, ಊರಿಗೇ ಬರುತ್ತಿದ್ದನು. ದಡಾರವೆಂಬ ರೋಗವು ಇಂಥ ಶತ್ರು. ನಮ್ಮ ಉತ್ತರದ ಸೀಮೆಯವರು ಇದನ್ನು ಗೊಬ್ಬರವೆನ್ನುತ್ತಾರೆ. ರೋಗಿಯಾದ ಮಗು ಕೆಮ್ಮಿ ಹೊರಟುಹೋದ ಮೇಲೆಯೂ ಎರಡು ತಾಸಿನವರೆಗೆ ಆ ಕೋಣೆಯ ಗಾಳಿಯಲ್ಲಿ ಕ್ರಿಮಿ ಇರುತ್ತದೆ. ಲಸಿಕೆಯಿಲ್ಲದ ಹತ್ತು ಮಂದಿ ಹತ್ತಿರವಿದ್ದರೆ ಒಂಬತ್ತು ಮಂದಿಗೆ ಹತ್ತಬಹುದು. ನೂರರಲ್ಲಿ ತೊಂಬತ್ತೈದು ಮಂದಿ ರಕ್ಷಣೆ ಪಡೆದಿದ್ದರೆ ಮಾತ್ರ ಅದು ಊರಿನಲ್ಲಿ ಹರಡದೆ ನಿಲ್ಲುತ್ತದೆ.

ಈಗ ಯೋಚಿಸಿರಿ. ಈ ರೋಗದ ಲಸಿಕೆಯನ್ನು ನಮ್ಮ ದೇಶದಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ಸಾರಿಯೂ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳುಗಳೊಳಗೆ ಇನ್ನೊಂದು ಸಾರಿಯೂ ಹಾಕುತ್ತಾರೆ. ಸ್ನಾನದೀಕ್ಷೆಗೆ ತಂದ ಆರು ತಿಂಗಳ ಕೂಸು ತಾಯಿಯ ತೊಡೆಯ ಮೇಲೆ ಮಲಗಿರುತ್ತದೆ. ಅದಕ್ಕೆ ಇನ್ನೂ ಲಸಿಕೆಯ ಹೊತ್ತು ಬಂದಿಲ್ಲ. ಅದರ ಸುತ್ತಲಿನ ಗೋಡೆ ಯಾವುದು? ಹಿಂದಿನ ಬೆಂಚಿನಲ್ಲಿ ಕುಳಿತ ಇತರರ ಮಕ್ಕಳೇ ಅದರ ಗೋಡೆ. ಆ ಮಕ್ಕಳಿಗೆ ಹಾಕಿಸಿದ್ದರೆ ಗೋಡೆ ಉಂಟು. ಇಲ್ಲದಿದ್ದರೆ ಮಾಳಿಗೆಯ ಅಂಚು ಬರಿದಾಗಿದೆ. ಸ್ನಾನದೀಕ್ಷೆಯ ಹೊತ್ತಿನಲ್ಲಿ ಈ ಮಗುವನ್ನು ಕಾಪಾಡುವೆವೆಂದು ಸಭೆಯೆಲ್ಲಾ ಎದ್ದು ನಿಂತು ಒಪ್ಪಿಕೊಳ್ಳುತ್ತದಷ್ಟೆ. ಆ ಒಪ್ಪಿಗೆಯಲ್ಲಿ ಇದೂ ಸೇರಿದೆ. ಕಾಯಿನನು ತಮ್ಮನನ್ನು ಕೊಂದ ಮೇಲೆ ದೇವರ ಮುಂದೆ ಒಂದು ಪ್ರಶ್ನೆಯನ್ನಿಟ್ಟು ನುಣುಚಿಕೊಳ್ಳಬೇಕೆಂದಿದ್ದನು. ನಾವು ಆ ಪ್ರಶ್ನೆಯನ್ನು ತಿರುಗಿ ಕೇಳುವವರಾಗಬಾರದು.

ದಡಾರವನ್ನು ಹಗುರವಾದ ರೋಗವೆಂದು ಎಣಿಸಬೇಡಿರಿ. ಅದು ಉಸಿರಿನ ರೋಗವನ್ನೂ ಭೇದಿಯನ್ನೂ ಕುರುಡುತನವನ್ನೂ ಹಿಂದೆ ಕರೆತರುತ್ತದೆ. ಅಷ್ಟು ಮಾತ್ರವಲ್ಲ, ನಾವು ಮೇಲೆ ಹೇಳಿದ ಕಾವಲುಗಾರರ ನೆನಪನ್ನೇ ಅಳಿಸಿ, ಮಗು ಮುಂಚೆ ಗೆದ್ದ ರೋಗಗಳಿಗೆ ಮರಳಿ ಬಾಗಿಲು ತೆರೆಯುತ್ತದೆಂದು ಪಂಡಿತರು ಕಂಡಿದ್ದಾರೆ. ಅದರ ಸಂಗಡ ಕೊಡುವ ರುಬೆಲ್ಲಾ ಲಸಿಕೆಯು ಮುಂದೆ ಹುಟ್ಟತಕ್ಕ ಕೂಸಿಗೋಸ್ಕರವಾದದ್ದು. ಬಸುರಿಗೆ ಆ ರೋಗ ತಗಲಿದರೆ ಕೂಸು ಕಿವುಡಾಗಿಯೋ ಕುರುಡಾಗಿಯೋ ಹೃದಯದ ಕುಂದಿನಿಂದಲೋ ಹುಟ್ಟಬಹುದು. 2017ರಲ್ಲಿ ಈ ಎರಡರ ಲಸಿಕೆಯನ್ನು ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಹಾಕುವ ದೊಡ್ಡ ಕಾರ್ಯವು ಆರಂಭವಾದ ಮೊದಲಿನ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು.

ಇದಕ್ಕೆ ವಿರೋಧವಾಗಿ ಹೇಳುವ ಮಾತುಗಳನ್ನು ನಾವು ಸಾವಧಾನದಿಂದ ಕೇಳಿ ಉತ್ತರ ಕೊಡತಕ್ಕದ್ದು.

ಒಬ್ಬನು ಹೇಳುತ್ತಾನೆ: ನಮಗೆ ದೇವರಲ್ಲಿ ನಂಬಿಕೆಯಿದೆ, ಸೂಜಿಯ ಅಗತ್ಯವಿಲ್ಲ. ಪ್ರಿಯನೇ, ಶೋಧಕನು ನಮ್ಮ ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಕ್ಕೆ ಧುಮುಕೆಂದಾಗ, ದೂತರು ಹಿಡಿಯುವರೆಂಬ ವಾಗ್ದಾನವನ್ನು ಎತ್ತಿ ಹೇಳಿದವನು ಶೋಧಕನೇ ಹೊರತು ಕರ್ತನಲ್ಲ. ಕರ್ತನು ಧುಮುಕಲಿಲ್ಲ, ಅದು ದೇವರನ್ನು ಪರೀಕ್ಷಿಸುವದಾಗುವದೆಂದು ತಿಳಿಸಿದನು. ಹಿಜ್ಕೀಯ ಅರಸನು ಸಾಯುವ ಹಾಗಿದ್ದಾಗ ಕಣ್ಣೀರಿನಿಂದ ಬೇಡಿಕೊಂಡನು. ದೇವರು ಕೇಳಿ ಹದಿನೈದು ವರ್ಷಗಳ ಆಯುಷ್ಯವನ್ನು ಕೊಟ್ಟನು. ಆದರೂ ಯೆಶಾಯನು ಅಂಜೂರದ ಹಣ್ಣುಗಳನ್ನು ಜಜ್ಜಿ ಹುಣ್ಣಿಗೆ ಕಟ್ಟಿಸಿದನು. ಪ್ರಾರ್ಥನೆಗೆ ಉತ್ತರ ಸಿಕ್ಕಿದ ಮೇಲೆಯೂ ಮದ್ದು ಕಟ್ಟಿದರು. ಸುವಾರ್ತೆಯನ್ನು ಬರೆದ ಲೂಕನು ವೈದ್ಯನಾಗಿಯೇ ಉಳಿದನು. ನಂಬಿಕೆಯೂ ಮದ್ದೂ ಒಂದಕ್ಕೊಂದು ಶತ್ರುಗಳೆಂದು ಶಾಸ್ತ್ರವು ಎಲ್ಲಿಯೂ ಕಲಿಸುವದಿಲ್ಲ.

ಇನ್ನೊಬ್ಬಳು ಹೇಳುತ್ತಾಳೆ: ಚುಚ್ಚಿದ ರಾತ್ರಿ ಮಗುವಿಗೆ ಜ್ವರ ಬರುತ್ತದೆ, ಕಾಲು ಊದುತ್ತದೆ, ಮಾರನೆಯ ದಿನ ಕೂಲಿಗೆ ಹೋಗಲಾಗುವದಿಲ್ಲ. ಇದು ನಿಜವಾದ ಕಷ್ಟ. ಸುಳ್ಳೆಂದು ಹೇಳಿದರೆ ಆ ತಾಯಿ ನಮ್ಮನ್ನು ನಂಬಲಾರಳು. ಜ್ವರವು ಕಾವಲುಗಾರರು ಎಚ್ಚೆತ್ತದ್ದರ ಗುರುತು; ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ನರ್ಸಮ್ಮನವರು ಕೊಟ್ಟ ಔಷಧವನ್ನು ಹೇಳಿದ ಪ್ರಮಾಣದಲ್ಲಿ ಕೊಡಬೇಕು. ಊದಿದ ಸ್ಥಳಕ್ಕೆ ಅರಿಸಿನವನ್ನಾಗಲಿ ಸುಣ್ಣವನ್ನಾಗಲಿ ಹಚ್ಚಬಾರದು. ಬಹಳ ಅಪರೂಪವಾಗಿ ಕೆಲವರಿಗೆ ಕೂಡಲೇ ಮೈಗೆ ಒಗ್ಗದೆ ಹೋಗುವದುಂಟು; ಅದಕ್ಕಾಗಿಯೇ ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲಿಯೇ ಕುಳಿತಿರಲು ಹೇಳುತ್ತಾರೆ. ಆ ಅರ್ಧ ತಾಸನ್ನು ಉಳಿಸಲು ಎದ್ದು ಓಡಬಾರದು. ಸ್ವಲ್ಪ ನೆಗಡಿ ಕೆಮ್ಮು ಇದ್ದರೆ ಲಸಿಕೆಯನ್ನು ಮುಂದಕ್ಕೆ ಹಾಕಬೇಕಾಗಿಯೂ ಇಲ್ಲ.

ಮೂರನೆಯವನು ಕೇಳುತ್ತಾನೆ: ಲಸಿಕೆಯಿಂದ ಜನ ಸತ್ತದ್ದುಂಟಷ್ಟೆ? ಉಂಟು; ಮರೆಮಾಡುವದು ನಮಗೆ ತಕ್ಕದ್ದಲ್ಲ. ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದ ಹಾಫ್‌ಕಿನ್ ಎಂಬ ಪಂಡಿತನು 1897ನೆಯ ಜನವರಿ 10ರಂದು ಮುಂಬಯಿಯಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಮಾರನೆಯ ವರ್ಷ ಪ್ಲೇಗು ಬೆಂಗಳೂರಿಗೂ ಬಂದು ಮನೆಗಳನ್ನು ಬರಿದುಮಾಡಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಆ ಲಸಿಕೆಯನ್ನು ಹಾಕಿದಾಗ ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ ಒಂದು ಸೀಸೆಯೊಳಗೆ ಮಲಿನ ಸೇರಿತ್ತು. ದೋಷವನ್ನು ಹಾಫ್‌ಕಿನನ ಮೇಲೆ ಹೊರಿಸಿದರು. 1907ರಲ್ಲಿ ಅವನು ನಿರಪರಾಧಿಯೆಂದು ತೀರ್ಮಾನವಾಯಿತು. ಮನುಷ್ಯರ ಕೈಯ ಕೆಲಸದಲ್ಲಿ ತಪ್ಪು ಬರಬಹುದು. ಆದಕಾರಣವೇ ಈಗ ಒಬ್ಬೊಬ್ಬರಿಗೆ ಒಂದೊಂದು ಹೊಸ ಸೂಜಿ. ಒಂದು ಸಾರಿ ಉಪಯೋಗಿಸಿದ ಮೇಲೆ ಅದು ತಾನಾಗಿ ಕೆಡುವ ಹಾಗೆ ಮಾಡಿದ್ದಾರೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೊತ್ತು ತರುತ್ತಾರೆ. ಸೀಸೆಗೆ ಬಿಸಿಲು ತಗಲಿದರೆ ಬಣ್ಣ ಬದಲಾಗುವ ಗುರುತನ್ನು ಮೇಲೆ ಅಂಟಿಸಿರುತ್ತಾರೆ. ಅದನ್ನು ತೋರಿಸಿರೆಂದು ಕೇಳುವದು ಅಪಮರ್ಯಾದೆಯಲ್ಲ.

ನಾಲ್ಕನೆಯವನು ಕೈಫೋನಿನಲ್ಲಿ ಬಂದ ಸುದ್ದಿಯನ್ನು ತೋರಿಸಿ ಲಸಿಕೆಯಿಂದ ಮಕ್ಕಳು ಬುದ್ಧಿಮಾಂದ್ಯರಾಗುತ್ತಾರೆ ಎನ್ನುತ್ತಾನೆ. ಇದರ ಒಂದು ಮೂಲವು 1998ರಲ್ಲಿ ಇಂಗ್ಲೆಂಡಿನ ಒಂದು ವೈದ್ಯಪತ್ರಿಕೆಯಲ್ಲಿ ಬಂದ ಲೇಖನ. ದಡಾರದ ಲಸಿಕೆಗೂ ಆಟಿಸಮ್ ಎಂಬ ಮನಸ್ಸಿನ ಬೆಳವಣಿಗೆಯ ತೊಡಕಿಗೂ ಅದು ಗಂಟು ಹಾಕಿತು. ಅದರಲ್ಲಿ ನೋಡಿದ ಮಕ್ಕಳು ಹನ್ನೆರಡು ಮಂದಿ ಮಾತ್ರ. ಆ ಲೇಖನವು ಸತ್ಯವಲ್ಲವೆಂದು ತಿಳಿದು ಪತ್ರಿಕೆಯವರು 2010ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಬರೆದವನ ಹೆಸರು ವೈದ್ಯರ ಪಟ್ಟಿಯಿಂದ ತೆಗೆಯಲ್ಪಟ್ಟಿತು. 2019ರಲ್ಲಿ ಡೆನ್ಮಾರ್ಕ್ ದೇಶದವರು ಆರೂವರೆ ಲಕ್ಷಕ್ಕಿಂತ ಹೆಚ್ಚು ಮಕ್ಕಳ ದಾಖಲೆಗಳನ್ನು ಶೋಧಿಸಿ ಅಂಥ ಸಂಬಂಧವೇನೂ ಇಲ್ಲವೆಂದು ಪ್ರಕಟಿಸಿದರು. ಹಿಂದಕ್ಕೆ ತೆಗೆದುಕೊಂಡ ಸುಳ್ಳು ಇನ್ನೂ ಹಳ್ಳಿಹಳ್ಳಿಗೆ ಓಡಾಡುತ್ತಿದೆ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು, ಶೋಧಿಸದೆ ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಬೆರಳಿಗೂ ಸಲ್ಲುತ್ತದೆ.

ಲಸಿಕೆಯು ಕೂಸುಗಳಿಗೆ ಮಾತ್ರವೆಂದು ತಿಳಿಯಬೇಡಿರಿ. ಗಂಟಲಮಾರಿಯೂ ಧನುರ್ವಾಯುವೂ ಬಾರದ ಹಾಗೆ ಕೂಸಿನಲ್ಲಿ ಹಾಕಿಸಿದ ಲಸಿಕೆಯ ಬಲವು ವರ್ಷಗಳು ಹೋದ ಹಾಗೆ ಇಳಿಯುತ್ತದೆ. ಆದಕಾರಣ ಐದಾರು ವರ್ಷಕ್ಕೆ ಒಂದು ಸಾರಿ, ಹತ್ತನೆಯ ವರ್ಷದಲ್ಲಿ ಒಂದು ಸಾರಿ, ಹದಿನಾರನೆಯ ವರ್ಷದಲ್ಲಿ ಒಂದು ಸಾರಿ ಮರಳಿ ಹಾಕಿಸತಕ್ಕದ್ದು. ಬಸುರಿಯಾದವಳಿಗೂ ಹಾಕುತ್ತಾರೆ, ಅದು ತಾಯಿಯನ್ನೂ ಹುಟ್ಟುವ ಕೂಸನ್ನೂ ಕಾಯುತ್ತದೆ. ಹಿಂದೆ ಹೊಕ್ಕಳು ಕೊಯ್ದ ಗಾಯಕ್ಕೆ ಸಗಣಿ ಬೂದಿ ಹಚ್ಚಿ ಎಷ್ಟೋ ಕೂಸುಗಳು ವಾರದೊಳಗೆ ಸೆಟೆದು ಸಾಯುತ್ತಿದ್ದವು. 2015ರಲ್ಲಿ ನಮ್ಮ ದೇಶವು ತಾಯಿ ಕೂಸುಗಳ ಆ ಧನುರ್ವಾಯುವನ್ನು ಹಿಮ್ಮೆಟ್ಟಿಸಿತೆಂದು ಲೋಕಾರೋಗ್ಯ ಸಂಸ್ಥೆಯು ಒಪ್ಪಿತು. ಆದರೆ ಅದರ ಕ್ರಿಮಿಯು ಹೊಲದ ಮಣ್ಣಿನಲ್ಲಿ ಯಾವಾಗಲೂ ಇರುವಂಥದು. ದಡಾರದಲ್ಲಿ ನೆರೆಯವನ ಲಸಿಕೆಯು ನಿಮ್ಮ ಮಗುವಿಗೂ ಸ್ವಲ್ಪ ನೆರಳು ಕೊಟ್ಟೀತು; ಧನುರ್ವಾಯುವಿನಲ್ಲಿ ಹಾಗಿಲ್ಲ, ಒಬ್ಬೊಬ್ಬನು ತನ್ನ ತೋಳಿಗೇ ಹಾಕಿಸಿಕೊಳ್ಳಬೇಕು. ನೇಗಿಲು ಕುಡುಗೋಲು ಹಿಡಿಯುವವರು ಇದನ್ನು ತಿಳಿಯಲಿ.

ಬೆಳೆಯುವ ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತು. ನಮ್ಮ ದೇಶದಲ್ಲಿ 2022ರ ಎಣಿಕೆಯಂತೆ ಒಂದೇ ವರ್ಷದಲ್ಲಿ ಸುಮಾರು 1,27,000 ಸ್ತ್ರೀಯರಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಕಂಡಿತು. ಸುಮಾರು 80,000 ಮಂದಿ ಸತ್ತರು. ಇದರ ಬೀಜವು ಹೆಚ್ಚಾಗಿ ಒಂದು ವೈರಸ್. ಅದನ್ನು ತಡೆಯುವ ಲಸಿಕೆಯನ್ನು ಒಂಬತ್ತರಿಂದ ಹದಿನಾಲ್ಕು ವರ್ಷದೊಳಗಿನ ಹುಡುಗಿಯರಿಗೆ ಹಾಕಿಸಲು ಲೋಕಾರೋಗ್ಯ ಸಂಸ್ಥೆಯು ಹೇಳುತ್ತದೆ. ಇಷ್ಟು ಚಿಕ್ಕವರಿಗೆ ಯಾಕೆಂದು ಕೆಲವು ತಂದೆಗಳು ನಾಚುತ್ತಾರೆ. ಗೋಡೆಯನ್ನು ಮಗು ಮಾಳಿಗೆಗೆ ಏರುವ ಮುಂಚೆ ಕಟ್ಟಬೇಕಲ್ಲವೇ? ಸುಶೀಲೆಯಾದ ಮಗಳಿಗೂ ಮದುವೆಯಾದ ಮೇಲೆ ಗಂಡನ ಮುಖಾಂತರ ಆ ವೈರಸ್ ಬರಬಹುದು. ಇದು ಅವಳ ನಡತೆಯ ಮೇಲೆ ಸಂಶಯವಲ್ಲ, ಅವಳ ಪ್ರಾಣದ ಮೇಲಿನ ಪ್ರೀತಿ.

ದೊಡ್ಡವರಿಗೂ ಒಂದು ಎಚ್ಚರಿಕೆ. ನಾಯಿ ಕಚ್ಚಿದರೆ ಗಾಯಕ್ಕೆ ಖಾರಪುಡಿ, ಸುಣ್ಣ ಹಾಕಿ ಮಂತ್ರಿಸುವವನ ಬಳಿಗೆ ಹೋಗಬೇಡಿರಿ. ಹದಿನೈದು ನಿಮಿಷ ಸಾಬೂನಿನಿಂದಲೂ ಹರಿಯುವ ನೀರಿನಿಂದಲೂ ಗಾಯವನ್ನು ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಿ, ಹೇಳಿದ ಸರದಿಯನ್ನೆಲ್ಲಾ ಮುಗಿಸಿರಿ. ಹುಚ್ಚುನಾಯಿಯ ರೋಗವು ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಕಾಣಿಸುವ ಮುಂಚೆ ಹಾಕಿಸಿಕೊಂಡರೆ ತಪ್ಪಿಸಬಹುದು. ಪಾಸ್ಚರ್ ಪಂಡಿತನು 1885ರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿಗೆ ಇದನ್ನು ಮೊದಲು ಹಾಕಿ ಉಳಿಸಿದ ಮೇಲೆ ಲೆಕ್ಕವಿಲ್ಲದವರು ಉಳಿದಿದ್ದಾರೆ.

ಹಾಗಾದರೆ ಸಭೆಯು ಏನು ಮಾಡತಕ್ಕದ್ದು? ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತುಕೊಂಡು ಹೋಗಿ, ಬಾಗಿಲಲ್ಲಿ ದಾರಿ ಇಲ್ಲದಾಗ ಮಾಳಿಗೆಯನ್ನೇ ತೆರೆದರು. ಹೋಗೆಂದು ಅವನಿಗೆ ಬುದ್ಧಿ ಹೇಳಿ ಅವರು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ತಪ್ಪಿದ ಮಕ್ಕಳಲ್ಲಿ ಬಹಳ ಮಂದಿ ವಿರೋಧದಿಂದಲ್ಲ, ದಿನ ಮರೆತದ್ದರಿಂದಲೂ, ಕಬ್ಬು ಕಡಿಯಲಿಕ್ಕೋ ಪಟ್ಟಣದ ಕಟ್ಟಡದ ಕೆಲಸಕ್ಕೋ ಊರು ಬಿಟ್ಟದ್ದರಿಂದಲೂ, ಕಾರ್ಡು ಕಳೆದದ್ದರಿಂದಲೂ ತಪ್ಪಿದವರು. ಆದಕಾರಣ ಹೀಗೆ ಮಾಡೋಣ.

ಸಭೆಯ ಹಿರಿಯರು ಆಶಾ ಕಾರ್ಯಕರ್ತೆಯನ್ನೂ ನರ್ಸಮ್ಮನವರನ್ನೂ ಕೇಳಿ, ಲಸಿಕೆಯ ದಿನವನ್ನು ಹಿಂದಿನ ಆದಿತ್ಯವಾರ ಆರಾಧನೆಯ ಕೊನೆಯಲ್ಲಿ ಪ್ರಕಟಿಸಲಿ; ನಮ್ಮ ನಾಡಿನ ಅನೇಕ ಹಳ್ಳಿಗಳಲ್ಲಿ ಅದು ಗುರುವಾರ. ಸ್ತ್ರೀಸಮಾಜದವರು ಕೂಸಿರುವ ಮನೆಗಳಿಗೆ ಹೋಗಿ ತಾಯಿ ಕಾರ್ಡನ್ನು ನೋಡಿ, ಮುಂದಿನ ತಾರೀಖನ್ನು ಗೋಡೆಯ ಮೇಲಿನ ಪಂಚಾಂಗದಲ್ಲಿ ಗುರುತಿಸಿ ಬರಲಿ. ಕೂಲಿ ತಪ್ಪುವ ತಾಯಿಗೆ ಬಡವರ ಕಾಣಿಕೆಯಿಂದ ಆ ದಿನದ ಕೂಲಿಯನ್ನು ಕೊಡಲಿ, ಇಲ್ಲವೆ ನೆರೆಯವಳು ಅವಳ ದೊಡ್ಡ ಮಕ್ಕಳನ್ನು ನೋಡಿಕೊಳ್ಳಲಿ. ಬೇರೆ ಊರಿಂದ ಬಂದು ಗುಡಿಸಲಲ್ಲಿ ಇಳಿದವರನ್ನು ಮರೆಯಬಾರದು. ಕಾರ್ಡು ಇಲ್ಲದಿದ್ದರೂ ತಡವಾಗಿದ್ದರೂ ಲಸಿಕೆಯನ್ನು ನಿಂತಲ್ಲಿಂದ ಮುಂದುವರಿಸಬಹುದು, ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಸರಕಾರವು ಇದನ್ನು ಕ್ರಯವಿಲ್ಲದೆ ಕೊಡುತ್ತದೆ. ಶಾಲೆಯ ಉಪಾಧ್ಯಾಯರು ಹತ್ತನೆಯ ಮತ್ತು ಹದಿನಾರನೆಯ ವರ್ಷದ ಸರದಿಯನ್ನು ಶಾಲೆಯಲ್ಲಿಯೇ ಹಾಕಿಸಲು ಆರೋಗ್ಯ ಇಲಾಖೆಯವರ ಸಂಗಡ ಕೂಡಿ ಕೆಲಸ ಮಾಡಲಿ. ಸಭಾಪಾಲಕರು ಮುಂಚೆ ತಮ್ಮ ಮನೆಯ ಕಾರ್ಡುಗಳನ್ನು ನೋಡಿಕೊಳ್ಳಲಿ.

ಇದು ಆಗದ ಕೆಲಸವಲ್ಲ. 2009ರಲ್ಲಿ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೋ ಬಂತು; ಆ ವರ್ಷ ಬೇರೆ ಯಾವ ದೇಶದಲ್ಲಿಯೂ ಅಷ್ಟು ಇರಲಿಲ್ಲ. ಈ ದೇಶದಿಂದ ಅದು ಹೋಗುವದೇ ಇಲ್ಲವೆಂದು ಅನೇಕರು ಕೈಚೆಲ್ಲಿದ್ದರು. 2011ರ ಜನವರಿಯಲ್ಲಿ ಒಂದು ಮಗುವಿಗೆ ಬಂದದ್ದೇ ಕಾಡು ಪೋಲಿಯೋದ ಕೊನೆ. 2014ರ ಮಾರ್ಚ್ 27ರಂದು ದೇಶಕ್ಕೆ ಬಿಡುಗಡೆಯ ಪತ್ರ ಸಿಕ್ಕಿತು. ಮನೆಮನೆಗೆ ನಡೆದು ಎರಡೆರಡು ತೊಟ್ಟು ಹಾಕಿದ ಬಡ ಸ್ತ್ರೀಯರ ಕಾಲುಗಳು ಇದನ್ನು ಸಾಧಿಸಿದವು. 2021ನೆಯ ಜನವರಿ 16ರಂದು ಆರಂಭವಾದ ಕೊರೋನಾ ಲಸಿಕೆಯೂ ಹದಿನೆಂಟು ತಿಂಗಳಲ್ಲಿ 200 ಕೋಟಿ ಸರದಿಯನ್ನು ಮುಟ್ಟಿತು. 1974ರಿಂದ ಐವತ್ತು ವರ್ಷಗಳಲ್ಲಿ ಲಸಿಕೆಗಳಿಂದ ಲೋಕದಲ್ಲಿ ಉಳಿದ ಪ್ರಾಣಗಳು 15 ಕೋಟಿಗೂ ಹೆಚ್ಚೆಂದು 2024ರಲ್ಲಿ ಎಣಿಸಿದ್ದಾರೆ. ಅವರಲ್ಲಿ 10 ಕೋಟಿ ಕೂಸುಗಳು.

ಈ ಓದಿನ ಹೊತ್ತಿನಲ್ಲಿ ಕೂಸನ್ನು ಕಳೆದುಕೊಂಡ ತಾಯಿಯೊಬ್ಬಳು ಹಿಂದೆ ಕುಳಿತು ಕೇಳುತ್ತಿರಬಹುದು. ಅಮ್ಮಾ, ನಾವು ನಿನ್ನ ಮೇಲೆ ಅಪರಾಧ ಹೊರಿಸುವದಕ್ಕೆ ಇದನ್ನು ಬರೆಯಲಿಲ್ಲ. ನಿನಗೆ ದಾರಿ ಹೇಳಬೇಕಾದವರು ಹೇಳದೆ ಹೋದರು, ಬರಬೇಕಾದವರು ಬಾರದೆ ಹೋದರು. ಗೋಡೆ ಕಟ್ಟದ ದೋಷವು ಸಭೆಯವರಾದ ನಮ್ಮೆಲ್ಲರದು. ನಾಯಿನೆಂಬ ಊರಿನ ಬಾಗಿಲಲ್ಲಿ ಮಗನ ಶವದ ಹಿಂದೆ ಬರುತ್ತಿದ್ದ ವಿಧವೆಯನ್ನು ಕಂಡು ಕನಿಕರಪಟ್ಟ ಕರ್ತನು ನಿನ್ನನ್ನೂ ಕಾಣುತ್ತಾನೆ.

ಮಿಕ್ಕವರಾದ ನಾವು ಎದ್ದು ಕಟ್ಟೋಣ. ಮನೆಗೆ ಹೋದ ಕೂಡಲೇ ಪೆಟ್ಟಿಗೆಯಲ್ಲಿರುವ ಕಾರ್ಡನ್ನು ತೆಗೆದು, ಯಾವ ಸರದಿ ತಪ್ಪಿದೆಯೆಂದು ದೀಪದ ಬೆಳಕಿನಲ್ಲಿ ನೋಡಿರಿ. ಓದಲು ಬಾರದವರು ಶಾಲೆಗೆ ಹೋಗುವ ಮಗುವಿನಿಂದ ಓದಿಸಿರಿ. ತಪ್ಪಿದ್ದು ಕಂಡರೆ ಬರುವ ಲಸಿಕೆಯ ದಿನವನ್ನು ಬಿಡಬೇಡಿರಿ. ನೆರೆಮನೆಯವರನ್ನೂ ಕರೆದುಕೊಂಡು ಹೋಗಿರಿ. ಚಿಕ್ಕ ಮಕ್ಕಳನ್ನು ತನ್ನ ಬಳಿಗೆ ಕರೆದು ಅಪ್ಪಿಕೊಂಡ ಕರ್ತನು ನಮ್ಮ ಕೈಗಳ ಈ ಕೆಲಸವನ್ನು ಸ್ಥಿರಪಡಿಸಲಿ. ಆಮೆನ್.